ದೊಡ್ಡಮ್ಮನ ಟ್ಯಾಂಕು

ಬೂದು, ಪೂರ್ತಿ ಬೂದಲ್ಲ, ಬೆಳ್ಳಿ ಬೆರೆತ ಬೂದು, ಹಲ್ಲಿನ ತೂತಿಗೆ ತುಂಬುವ ಸಿಮೆಂಟು ಗಾಜಿನ ಹಲಗೆಯ ಮೇಲೆ ಇದೇ ಬಣ್ಣಕ್ಕೆ ತಿರುಗುತ್ತಿತ್ತು, ತಿರುಗಿತು ಅನ್ನುವಷ್ಟರಲ್ಲಿ ಡಾಕ್ಟರು ಕೈ ಚಾಚುತ್ತಿದ್ದರು — ಕಡ್ಡಿ ಡಬ್ಬದ ಅಂಚಿಗೆ ತಾಗಿ ಟಕ್ ಅಂತು, ತಾಗಿಸಬಾರದು, ಗಾಳಿಗುಳ್ಳೆ ಸೇರುತ್ತದೆ, ನಿಧಾನ, ಇಪ್ಪತ್ತೆರಡು ವರ್ಷ ಹಲ್ಲಿನ ಆಸ್ಪತ್ರೆಯಲ್ಲಿ ಕಲಸಿದ ಕೈ ಇದು, ಅಲ್ಲಿ ಒಂದು ಹಲ್ಲಿಗೆ ಸಾಸಿವೆಯಷ್ಟು, ಇಲ್ಲಿ ಒಂದು ಕಾರಿನ ಪೆಟ್ರೋಲ್ ಟ್ಯಾಂಕಿನ ಒಳಮೈಗೆ ಬಳಿಯುವ ಸೀಲರು ಒಂದು ಲೀಟರು, ಉಳಿದಂತೆ ಕೆಲಸ ಅದೇ, ಕೆರೆ, ತೊಳೆ, ಒಣಗಿಸು, ಮುಚ್ಚು. ಡಬ್ಬದ ಮೇಲೆ ಬರೆದಿದೆ, ಎರಡು ಭಾಗ ಬೆರೆಸಿದ ಮೇಲೆ ನಲವತ್ತು ನಿಮಿಷ, ಆಮೇಲೆ ಕಲ್ಲು, ಪೆಟ್ರೋಲು ಹಾಕಿ ಓಡಿಸಿ ನೋಡುವುದು ನಾಲ್ಕು ದಿನ ಬಿಟ್ಟು, ಗುರುವಾರ. ನಿಮಿಷ ನೋಡುವ ಕೆಲಸ ಅಮ್ಮನದು, ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ನಡುಮನೆಯ ಗೋಡೆಯಿಂದ ಬಿಚ್ಚಿ ತಂದ ಗಡಿಯಾರ ತೊಡೆಯ ಮೇಲೆ, ಕೈಗಡಿಯಾರದ ಮುಳ್ಳು ನನಗೆ ಕಾಣಲ್ಲ, ನೋಡೋದಾದ್ರೆ ಸರಿಯಾಗೇ ನೋಡ್ತೀನಿ ಅಂತ, ಆರು ನಿಮಿಷ ಆಯ್ತು ಕಣೇ, ಇನ್ನೂ ತಿರುವ್ತಾನೇ ಇದೀಯ. ಹತ್ತು ನಿಮಿಷ ಕಲಕಬೇಕು ಅಂತ ಬರೆದಿದೆಯಮ್ಮ. ಬರೆದೋನು ಯಾವತ್ತಾದ್ರೂ ಕಲಕಿದಾನಾ? ತಮ್ಮ ನಗುತ್ತಾನೆ, ಟ್ಯಾಂಕಿನ ಆ ಕಡೆ ಹಳೆ ಹಾಸಿಗೆಯ ಮೇಲೆ ಮೊಣಕಾಲೂರಿದ್ದಾನೆ, ಕೈಗೆ ಹಳದಿ ಗ್ಲೌಸು, ಮೂಗಿಗೆ ಮಾಸ್ಕು, ಲಿಫ್ಟುಗಳ ತಪಾಸಣೆ ಮಾಡುವ ಉದ್ಯೋಗ ಅವನದು, ಯಾವ ವಸ್ತು ಕಂಡರೂ ಇದು ಯಾವಾಗ ಬೀಳುತ್ತದೆ ಅಂತಲೇ ಯೋಚಿಸುತ್ತಾನೆ, ಈಗ ನನ್ನ ಬಗ್ಗೆಯೂ ಹಾಗೇ ಯೋಚಿಸುತ್ತಿರಬೇಕು. ಡಬ್ಬ ಇದೊಂದೇ, ಅಂಗಡಿಯವನ ಹತ್ತಿರ ಉಳಿದಿದ್ದ ಕೊನೆಯದು, ಟ್ಯಾಂಕೂ ಒಂದೇ, ಈ ಮಾದರಿಯ ಕಾರು ಮಾಡುವುದನ್ನು ನಾನು ಹೈಸ್ಕೂಲಿನಲ್ಲಿದ್ದಾಗಲೇ ನಿಲ್ಲಿಸಿದರು, ಗುಜರಿಯಲ್ಲೂ ಇನ್ನೊಂದು ಸಿಗುವುದಿಲ್ಲ. ಅಮ್ಮನ ಎದುರಿಗೇ ಮಾತಾಗಿದೆ, ಟ್ಯಾಂಕು ಸರಿಹೋದರೆ ಕಾರಿನ ಕೀಲಿ ನನಗೆ, ಹೋಗಲಿಲ್ಲವೋ ಬರುವ ಭಾನುವಾರ ಗುಜರಿಯವನು ಕ್ರೇನ್ ತರುತ್ತಾನೆ, ಆಮೇಲೆ ಅಳಬಾರದು ಅಕ್ಕ. ನಾನ್ಯಾವತ್ತು ಅತ್ತಿದೀನಿ ಕಣೋ? ಹಲ್ಲು ಕೀಳಿಸ್ಕೊಂಡಾಗ. ಅದು ಹಲ್ಲು, ಇದು ತಗಡು.

ಕಾರಿಗೆ ದೊಡ್ಡಮ್ಮ ಅಂತ ಹೆಸರಿಟ್ಟವಳು ನಾನೇ, ಆರು ವರ್ಷದವಳಿದ್ದಾಗ, ದಪ್ಪ, ನಿಧಾನ, ಏರು ಬಂದರೆ ಗೊಣಗಾಟ, ಎಲ್ಲಿಗೆ ಕರೆದುಕೊಂಡು ಹೋದರೂ ದಾರಿಯಲ್ಲಿ ಒಮ್ಮೆ ನೀರು ಕುಡಿಸಲೇಬೇಕು, ನಮ್ಮ ನಿಜವಾದ ದೊಡ್ಡಮ್ಮನಿಗೆ ಇದು ಗೊತ್ತಾಗಿ ಒಂದು ವರ್ಷ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ, ಹತ್ತಿದ ದಿನವೂ ಬಂದದ್ದು ಬಸ್ಸಿನಲ್ಲಿ. ಕೆನೆ ಬಣ್ಣ, ದುಂಡು ದೀಪ, ಬಾಗಿಲು ಹಾಕಿದರೆ ಬೀರು ಹಾಕಿದ ಸದ್ದು. ಎಂಜಿನ್ನಿಗೆ ಏನೂ ಆಗಿಲ್ಲ, ಈಗಲೂ ಗಟ್ಟಿ, ರೋಗ ಇದ್ದದ್ದು ಹೊಟ್ಟೆಯಲ್ಲಿ, ಐದು ಕಿಲೋಮೀಟರು ಹೋಗುವುದು, ಕೆಮ್ಮುವುದು, ನಿಲ್ಲುವುದು, ಫಿಲ್ಟರು ಬಿಚ್ಚಿದರೆ ಕೆಂಪು ಪುಡಿ, ಊದಿ ಹಾಕಿದರೆ ಮತ್ತೆ ಐದು ಕಿಲೋಮೀಟರು. ಹೋದ ತಿಂಗಳು ನಾಲ್ಕು ರಸ್ತೆ ಕೂಡುವ ವೃತ್ತದ ನಟ್ಟನಡುವೆ ನಿಂತುಬಿಟ್ಟಿತು, ಹಿಂದೆ ಬಸ್ಸು, ಅದರ ಹಿಂದೆ ಇನ್ನೊಂದು ಬಸ್ಸು, ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಸ್ ಡ್ರೈವರಿಗೆ ಏನಪ್ಪಾ ಅಷ್ಟೊಂದು ಹಾರ್ನ್ ಹೊಡೀತೀಯ, ಹಾರ್ನಿಂದ ಓಡೋ ಹಾಗಿದ್ರೆ ನಮ್ಮದ್ರಲ್ಲೂ ಒಂದಿದೆ ಅಂದಳು, ತಮ್ಮ ಮುಖ ಕೆಂಪಗೆ ಮಾಡಿಕೊಂಡು ತಳ್ಳಿದ, ನಾನೂ ತಳ್ಳಿದೆ, ಅವತ್ತೇ ಅವನು ಗುಜರಿಯವನಿಗೆ ಫೋನು ಮಾಡಿದ್ದು. ಅವನಿಗೇನು, ಬಿಳಿ ಫ್ರಿಜ್ಜಿನಂಥ ಹೊಸ ಕಾರು ಕೊಂಡಿದ್ದಾನೆ, ಕೂತರೆ ಟಣ್ ಟಣ್ ಅಂತ ಬೆಲ್ಟು ಹಾಕು ಅನ್ನುತ್ತದೆ, ಒಳಗೂ ಫ್ರಿಜ್ಜಿನಷ್ಟೇ ತಣ್ಣಗಿರುತ್ತದೆ. ಅಕ್ಕ, ನಿಂಗೆ ಎಲ್ಲಿಗೆ ಹೋಗಬೇಕೋ ಹೇಳು, ನಾನು ಬಿಡ್ತೀನಿ. ಬಿಡ್ತೀನಿ, ಇದೊಂದು ಮಾತು, ನಲವತ್ತೇಳು ವರ್ಷದಿಂದ ಯಾರೋ ಒಬ್ಬರು ನನ್ನನ್ನು ಎಲ್ಲಿಗಾದರೂ ಬಿಡುತ್ತಲೇ ಇದ್ದಾರೆ, ಶಾಲೆಗೆ ಬಿಟ್ಟರು, ಆಸ್ಪತ್ರೆಗೆ ಬಿಟ್ಟರು, ನಾನು ಅಲ್ಲೇ ಇಳಿದೆ, ಅವರು ಮುಂದೆ ಹೋದರು.

ಹತ್ತು ನಿಮಿಷ, ಅಮ್ಮ ಅಂದಳು, ಸರಿ, ಸುರಿಯುವುದು, ಡಬ್ಬದ ಮೂತಿ ಟ್ಯಾಂಕಿನ ಬಾಯಿಗೆ, ದಾರದ ಹಾಗೆ ಎಳೆಯಾಗಿ ಇಳಿಯಬೇಕು, ಇಳಿಯುತ್ತಿದೆ, ಚೆಲ್ಲಬೇಡ ಅಕ್ಕ, ನೀನು ಅಲ್ಲಾಡಬೇಡ, ನಾನೆಲ್ಲಿ ಅಲ್ಲಾಡ್ದೆ, ಹಾಗಾದ್ರೆ ಭೂಮಿ ಅಲ್ಲಾಡಿರಬೇಕು. ಟ್ಯಾಂಕಿಗೆ ಮೂರು ತೂತು, ಪೆಟ್ರೋಲು ಹಾಕುವ ಬಾಯಿ ಒಂದು, ಎಷ್ಟು ಪೆಟ್ರೋಲಿದೆ ಅಂತ ಹೇಳುವ ತೇಲುಗುಂಡು ಕೂರುವ ಅಗಲ ತೂತು ಒಂದು, ಎಂಜಿನ್ನಿಗೆ ಪೆಟ್ರೋಲು ಹೋಗುವ ಕಿರುಬೆರಳು ಗಾತ್ರದ ಪೈಪು ಒಂದು, ಅಗಲ ತೂತಿಗೆ ತಗಡು ಕೊಚ್ಚಿ ಸೈಕಲ್ ಟ್ಯೂಬು ಕತ್ತರಿಸಿ ಐದು ಸ್ಕ್ರೂ ಹಾಕಿದ್ದೇವೆ, ಪೈಪಿನ ಮೂತಿಗೆ ರಬ್ಬರು ಟೋಪಿ, ಬಾಯಿಗೆ ಈಗ ಮುಚ್ಚಳ, ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ. ಇನ್ನು ಉರುಳಿಸುವುದು, ಒಂದೊಂದು ಮಗ್ಗುಲಿಗೆ ಒಂದೊಂದು ನಿಮಿಷ, ಬಲ ಮೇಲಿನ ಹಿಂದವಡೆ, ಎಡ ಮೇಲಿನ ಹಿಂದವಡೆ, ನನ್ನ ತಲೆಯಲ್ಲಿ ಎಲ್ಲವೂ ಬಾಯಿಯೇ, ಮೂಲೆ ಅಂದರೆ ದವಡೆ, ಬೆಸುಗೆ ಅಂದರೆ ಒಸಡು, ಎಲ್ಲಿಯೂ ಒಂದು ಉಗುರಿನಷ್ಟು ಜಾಗ ತಪ್ಪಬಾರದು, ತಪ್ಪಿದಲ್ಲಿ ತುಕ್ಕು ಮತ್ತೆ ಹಲ್ಲು ಕಿಸಿಯುತ್ತದೆ. ಒಳಗೆ ಅದು ದಪ್ಪಗೆ ಹರಿದಾಡುವುದು ಕೈಗೆ ಗೊತ್ತಾಗುತ್ತದೆ, ತಮ್ಮನೂ ಕಿವಿ ಇಟ್ಟು ಕೇಳುತ್ತಿದ್ದಾನೆ, ಬಸುರಿ ಹೆಂಡತಿಯ ಹೊಟ್ಟೆ ಮೇಲೆ ಕಿವಿ ಇಟ್ಟ ಗಂಡನ ಹಾಗೆ, ನೋಡೇ ಇವನನ್ನ, ಮಾರ್ತೀನಿ ಅಂದೋನು. ಮಾರಲ್ಲಮ್ಮ, ಗುಜರಿಗೆ ಹಾಕ್ತೀನಿ ಅಂದೆ. ಎರಡೂ ಒಂದೇ ಕಣೋ, ಹದಿನಾಲ್ಕು ನಿಮಿಷ.

ಟ್ಯಾಂಕು ಇಳಿಸಿದ ದಿನ ಒಳಗೆ ನೋಡಿದ್ದು ಬಾಯಿ ನೋಡುವ ಕನ್ನಡಿಯಿಂದಲೇ, ಉದ್ದ ಹಿಡಿಯ ತುದಿಯಲ್ಲಿ ರೂಪಾಯಿ ಗಾತ್ರದ ಕನ್ನಡಿ, ಡಾಕ್ಟರು ಕ್ಲಿನಿಕ್ ಮುಚ್ಚಿದಾಗ ಕೊಟ್ಟ ಪೆಟ್ಟಿಗೆಯಲ್ಲಿ ಇದ್ದದ್ದು, ಬೇರೆಯವರಿಗೆ ಬೀಳ್ಕೊಡುವಾಗ ಗಡಿಯಾರ ಕೊಡುತ್ತಾರೆ, ಶಾಲು ಹೊದಿಸುತ್ತಾರೆ, ನನಗೆ ಒಂದು ಸ್ಟೀಲ್ ಪೆಟ್ಟಿಗೆ, ಕನ್ನಡಿ, ಚಿಮುಟ, ಕೊಕ್ಕೆ ಕಡ್ಡಿ, ಗಾಳಿ ಊದುವ ರಬ್ಬರು ಚೆಂಡು, ಹಲ್ಲು ಕೀಳುವ ಇಕ್ಕಳ ಕೂಡ, ಅದನ್ನು ಅಮ್ಮ ಈಗ ಬಿಸಿ ಪಾತ್ರೆ ಇಳಿಸಲು ಉಪಯೋಗಿಸುತ್ತಾಳೆ. ಕನ್ನಡಿಯಲ್ಲಿ ಕಂಡದ್ದು ನಲವತ್ತು ವರ್ಷ ಬೀಡಿ ಸೇದಿದವನ ಬಾಯಿ, ಪದರ ಪದರ, ಕೆಂಪು, ಕಂದು, ಮೂಲೆಗಳಲ್ಲಿ ಕಪ್ಪು. ಲೋಹ ಇದೆಯಾ ಇನ್ನೂ, ಇಲ್ಲ ಬರೀ ತುಕ್ಕೇ ಟ್ಯಾಂಕಿನ ಆಕಾರದಲ್ಲಿ ನಿಂತಿದೆಯಾ? ತಮ್ಮನ ಪ್ರಶ್ನೆ, ಪ್ರಶ್ನೆ ಚೆನ್ನಾಗಿಯೇ ಇತ್ತು. ರೇಡಿಯೇಟರ್ ಮೇಸ್ತ್ರಿಯನ್ನು ಕೇಳಿದ್ದಕ್ಕೆ, ಅವನು ಬೆರಳಿನಿಂದ ತಟ್ಟಿ ತಟ್ಟಿ ಕೇಳಿ, ತಗಡು ಬದುಕಿದೆ ತಾಯಿ, ಸೋಪಿನ ಬಿಸಿನೀರು ಹಾಕಿ ಜಿಡ್ಡು ತೆಗೀರಿ, ಐವತ್ತು ನಟ್ಟು ಹಾಕಿ ಕುಲುಕಿ, ಎರಡು ದಿನ, ಕೈ ಬೀಳೋ ತನಕ, ಆಮೇಲೆ ಆಸಿಡ್ಡು ಅಂದ. ಎರಡು ದಿನ ಕುಲುಕುವವರು ಯಾರು, ತಮ್ಮನ ಸೊಂಟ ಮೊದಲ ಅರ್ಧ ಗಂಟೆಗೇ ಕೈ ಕೊಟ್ಟಿತು, ಆಗ ಅಮ್ಮ ಅಟ್ಟಕ್ಕೆ ಕೈ ತೋರಿಸಿದಳು, ಕಬ್ಬಿಣದ ತೊಟ್ಟಿಲು, ನಾವಿಬ್ಬರೂ ಮಲಗಿ ಎದ್ದದ್ದು, ಅದರಲ್ಲಿ ಟ್ಯಾಂಕು ಮಲಗಿಸಿ ಹಗ್ಗ ಕಟ್ಟಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಳು, ಕೈಯಲ್ಲಿ ಪತ್ರಿಕೆ, ಪಕ್ಕದಲ್ಲಿ ರೇಡಿಯೋ, ಝಲ್ ಝಲ್ ಝಲ್, ಇಡೀ ದಿನ, ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಬಗ್ಗಿ ಏನ್ರೀ ಅದು ಸದ್ದು, ಮೊಮ್ಮಗುನಾ, ಹೌದು ಕಣ್ರೀ, ಹಲ್ಲು ಬರ್ತಾ ಇದೆ. ನಿಮ್ಮಿಬ್ಬರಿಗಿಂತ ಇದೇ ವಾಸಿ, ಹಟ ಇಲ್ಲ, ಉಚ್ಚೆ ಇಲ್ಲ, ಅಂತ ಅಮ್ಮ ಸಂಜೆ ಹೇಳಿದ್ದು, ಹೆಬ್ಬೆರಳು ಊದಿತ್ತು, ಹಗ್ಗ ಬಿಡು ಅಂದರೆ ಬಿಡಲಿಲ್ಲ.

ಹತ್ತೊಂಬತ್ತು, ಇನ್ನೊಂದು ಮಗ್ಗುಲು, ನಿಧಾನ, ಎತ್ತು, ನಿನ್ನ ಕಡೆ ಎತ್ತು. ಆಸಿಡ್ ಡಬ್ಬದ ಮೇಲಿನ ಹೆಸರು ಓದಿ ನನಗೆ ನಗು ಬಂದಿತ್ತು, ಫಾಸ್ಫಾರಿಕ್, ಹಳೆ ಸ್ನೇಹಿತನನ್ನು ಸಂತೆಯಲ್ಲಿ ಕಂಡ ಹಾಗೆ, ಹಲ್ಲಿಗೆ ಸಿಮೆಂಟು ಹಿಡಿಯುವ ಮೊದಲು ನೀಲಿ ಸಿರಿಂಜಿನಿಂದ ಒಂದು ಹನಿ ಹಚ್ಚುತ್ತಿದ್ದೆವಲ್ಲ ಅದೇ, ಹಚ್ಚು, ಮೂವತ್ತು ಎಣಿಸು, ತೊಳೆ, ಒಣಗಿಸು. ಒಣಗಿಸುವುದರಲ್ಲೇ ಇರುವುದು ಎಲ್ಲ, ಒದ್ದೆ ಹಲ್ಲಿಗೆ ಹಾಕಿದ್ದು ಸಿಮೆಂಟಲ್ಲಮ್ಮ, ಆಶಾವಾದ, ಡಾಕ್ಟರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು, ರೋಗಿ ಬಾಯಿ ತೆರೆದುಕೊಂಡು ನಗಲಾರದೆ ಒದ್ದಾಡುತ್ತಿದ್ದ. ಆಸಿಡ್ಡು ತೊಳೆದು ನಟ್ಟು ಹೊರಗೆ ತೆಗೆದೆವು, ಒಂದು, ಎರಡು, ಮೂರು, ತಮ್ಮ ಟ್ಯಾಂಕು ಕುಲುಕಿದ, ನಾನು ಎಣಿಸಿದೆ, ನಲವತ್ತೊಂಬತ್ತಕ್ಕೆ ನಿಂತಿತು, ಸಾಕು ಬಿಡು ಅಕ್ಕ, ಅಂಗಡಿಯವನೇ ಒಂದು ಕಡಿಮೆ ಕೊಟ್ಟಿರ್ತಾನೆ, ಇಲ್ಲ, ಒಳಗೆ ಎಷ್ಟೋ ಹೊರಗೂ ಅಷ್ಟೇ, ಡಾಕ್ಟರು ರೋಗಿಯನ್ನು ಕುರ್ಚಿಯಿಂದ ಇಳಿಸುವ ಮೊದಲು ನನ್ನ ಕಡೆ ತಿರುಗಿ ಕೇಳುತ್ತಿದ್ದ ಒಂದೇ ಪ್ರಶ್ನೆ, ಹತ್ತಿ ಒಳಗೆ ಎಷ್ಟು, ಹೊರಗೆ ಎಷ್ಟು? ಮೂರು ಒಳಗೆ, ಮೂರು ಹೊರಗೆ, ಡಾಕ್ಟ್ರೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಲೆಕ್ಕ ತಪ್ಪಲಿಲ್ಲ, ಇದನ್ನು ಜಂಬ ಅಂದರೆ ಜಂಬ, ಆ ಐವತ್ತನೆಯ ನಟ್ಟಿಗಾಗಿ ಒಂದು ಗಂಟೆ ಕುಲುಕಿಸಿದೆ, ಬೆಸುಗೆಯ ಸಂದಿಯಲ್ಲಿ ಕೂತಿತ್ತು, ಬಿತ್ತು, ತಮ್ಮ ಅಂಗಾತ ಮಲಗಿ ಲಿಫ್ಟ್ ಇಲಾಖೆಗೆ ರಾಜೀನಾಮೆ ಕೊಡ್ತೀನಿ, ನಟ್ಟು ಹುಡುಕೋ ಕೆಲಸ ಇದ್ರೆ ಹೇಳು ಅಂದ. ಆಮೇಲೆ ಸ್ಪಿರಿಟ್ಟಿನಲ್ಲಿ ಜಾಲಿಸಿ, ತಲೆಕೂದಲು ಒಣಗಿಸುವ ಯಂತ್ರ ಹಚ್ಚಿ, ಮೂರು ಗಂಟೆ, ಬಿಸಿಗಾಳಿ ಬಾಯಿಂದ ಹೋಗಿ ಪೈಪಿನಿಂದ ಬರುತ್ತಿತ್ತು, ಕೆನ್ನೆಗೆ ಹಿಡಿದು ನೋಡಿದೆ, ಒಣ ಗಾಳಿ, ತೇವ ಒಂದಿಷ್ಟೂ ಇಲ್ಲ, ಒಳಗೆ ಬೆಳ್ಳಿಯ ಹಾಗೆ ತಗಡು, ನಿನ್ನೆ ಸಂಜೆ ಐದು ಗಂಟೆ, ಅಷ್ಟರಲ್ಲಿ ಆಕಾಶ ಮುಚ್ಚಿಕೊಂಡು ಗಾಳಿಯಲ್ಲಿ ತೇವ, ಬೆಳಗಾಗುವಷ್ಟರಲ್ಲಿ ಮತ್ತೆ ತುಕ್ಕು ಹತ್ತುತ್ತದಲ್ಲ ಅಂತ ಮೂರೂ ತೂತಿಗೂ —

ಮೂರೂ ತೂತಿಗೂ ಹತ್ತಿ.

ಇಪ್ಪತ್ತೆರಡು ನಿಮಿಷ ಕಣೇ, ಯಾಕೆ ನಿಂತೆ? ಬಾಯಿಗೆ ಒಂದು ದೊಡ್ಡ ಉಂಡೆ, ಬೆಳಿಗ್ಗೆ ತೆಗೆದೆ, ಕಿಟಕಿಯ ಮೇಲಿದೆ, ಅಗೋ ಕಾಣುತ್ತಿದೆ, ಅಗಲ ತೂತಿಗೆ ಇನ್ನೊಂದು, ಅದೂ ಅಲ್ಲೇ ಇದೆ, ಪೈಪಿಗೆ, ಪೈಪಿಗೆ ಸುರುಳಿ ಮಾಡಿ, ಹಲ್ಲಿನ ಬೇರಿನ ನಾಳಕ್ಕೆ ತುಂಬುವ ಹಾಗೆ, ಕೊಕ್ಕೆ ಕಡ್ಡಿಯ ಬೆನ್ನಿನಿಂದ ತಳ್ಳಿ ತಳ್ಳಿ, ಚೆನ್ನಾಗಿ ಕೂರಲಿ ಅಂತ ಇನ್ನೂ ಸ್ವಲ್ಪ ತಳ್ಳಿ, ಹೆಬ್ಬೆರಳ ಗೆಣ್ಣಿನಷ್ಟು ಒಳಗೆ, ಹೊರಗಿನಿಂದ ಕಾಣದಷ್ಟು, ಅದರ ಮೇಲೆ ಬೆಳಿಗ್ಗೆ ನೋಡಿದರೆ ರಬ್ಬರು ಟೋಪಿ, ಯಾರು ಹಾಕಿದ್ದು, ಇವನೇ, ಸುರಕ್ಷತೆಯ ಸರದಾರ, ಪೈಪಿನ ಮೂತಿ ತೆರೆದಿದೆ ಅಂತ ಹಾಕಿರುತ್ತಾನೆ, ನಾನು ಟೋಪಿ ಕಂಡು ಸರಿ ಇದು ಮುಗಿದಿದೆ ಅಂತ ಮುಂದೆ ಹೋದೆ. ಕಿಟಕಿಯ ಮೇಲೆ ಎರಡು. ಒಳಗೆ ಎಷ್ಟು, ಹೊರಗೆ ಎಷ್ಟು? ಐವತ್ತು ನಟ್ಟು ಎಣಿಸಿದವಳು ಮೂರು ಹತ್ತಿ ಎಣಿಸಲಿಲ್ಲ, ಸಮುದ್ರ ದಾಟಿ ಬಚ್ಚಲಲ್ಲಿ ಮುಳುಗಿದ ಹಾಗೆ, ಬೇರೆ ಯಾರಾದರೂ ಆಗಿದ್ದರೆ ಪೈಪಿಗೆ ಚಿಂದಿ ತುರುಕುತ್ತಿದ್ದರು, ಬಾಲ ಹೊರಗೆ ನೇತಾಡುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು, ಅಚ್ಚುಕಟ್ಟಾಗಿ ಮಾಡಿದ್ದಕ್ಕೇ ಈ ಗತಿ. ಈಗ ಅದು ಸೀಲರು ಕುಡಿಯುತ್ತಿದೆ, ಹತ್ತಿಯ ಕಸುಬೇ ಕುಡಿಯುವುದು, ಇನ್ನು ಹದಿನೆಂಟು ನಿಮಿಷಕ್ಕೆ ಪೈಪಿನಲ್ಲಿ ಕಲ್ಲಿನ ಬಿರಡೆ, ಕೊರೆದರೆ ಪೈಪು ಸೀಳುತ್ತದೆ, ಕಾಸಿದರೆ ಬೆಸುಗೆ ಬಿಡುತ್ತದೆ, ಒಂದು ಹನಿ ಪೆಟ್ರೋಲು ಎಂಜಿನ್ನಿಗೆ ಹೋಗುವುದಿಲ್ಲ, ಮುಗಿಯಿತು, ಕ್ರೇನು. ಹೇಳಲಾ? ಹೇಳದೆ ಉರುಳಿಸುತ್ತಾ ಇದ್ದರೆ ಗುರುವಾರದವರೆಗೆ ಮರ್ಯಾದೆ ಉಳಿಯುತ್ತದೆ, ಪೈಪೇ ಮೊದಲಿಂದ ಕಟ್ಟಿತ್ತು ಕಣೋ ಅನ್ನಬಹುದು, ಥೂ, ಎಂಥ ಯೋಚನೆ. ಲೋ, ಪೈಪು ಮೇಲಕ್ಕೆ ಬರೋ ಹಾಗೆ ನಿಲ್ಲಿಸು. ಯಾಕೆ? ನಿಲ್ಲಿಸು ಅಂದ್ರೆ ನಿಲ್ಲಿಸು. ಅಕ್ಕ, ನಿನ್ನ ಮುಖ ಯಾಕೆ ಹಾಗಿದೆ? ಪೈಪಲ್ಲಿ ಹತ್ತಿ ಇದೆ. ಯಾರು ಹಾಕಿದ್ದು? ನಾನು. ತೆಗೀಲಿಲ್ವಾ? ತೆಗೆದಿದ್ರೆ ಇರ್ತಿತ್ತೇನೋ?

ನಗುತ್ತಾನೆ ಅಂದುಕೊಂಡೆ, ನಕ್ಕ, ಮಾಸ್ಕಿನ ಒಳಗಿಂದ ಹುಹ್ ಅಂತ ಒಂದೇ ಸಲ, ನಗುತ್ತಲೇ ಟ್ಯಾಂಕು ಎತ್ತಿ ನೆಟ್ಟಗೆ ನಿಲ್ಲಿಸಿದ, ನಿಲ್ಲುವುದಿಲ್ಲ ಅದು, ಆ ಮಗ್ಗುಲು ಗುಂಡಗಿದೆ, ಹಿಡಿದುಕೊಳ್ಳಬೇಕು, ಎದೆಗೆ ಅವಚಿಕೊಂಡು ಹಿಡಿದ, ಹನ್ನೆರಡು ಕಿಲೋ, ಗಲ್ಲದ ಕೆಳಗೆ ಪೈಪು. ಇಪ್ಪತ್ತಾರು, ಅಮ್ಮನ ದನಿಯಲ್ಲಿ ಈಗ ತಮಾಷೆ ಇಲ್ಲ. ಟೋಪಿ ಕಿತ್ತೆ, ಒಳಗೆ ಕತ್ತಲೆ, ಪೆಟ್ಟಿಗೆ, ಚಿಮುಟ, ಚಿಮುಟ ತುದಿ ತಾಗುತ್ತದೆ, ಹಿಡಿಯುವುದಿಲ್ಲ, ಕೊಕ್ಕೆ ಕಡ್ಡಿ, ಕೊಕ್ಕೆ ಇಳಿಸಿ ಸಿಕ್ಕಿಸಿ ಎಳೆದೆ, ಬಂತು, ಬಂತು ಅಂದುಕೊಂಡರೆ ಹರಿದು ಬಂತು, ಅರ್ಧ, ಅರ್ಧ ಕೂಡ ಅಲ್ಲ, ಬಿಳಿಯ ಒಣ ಹತ್ತಿ ಒಂದು ಚಿಟಿಕೆ, ಬೂದು ಕುಡಿದದ್ದು ಒಳಗೇ ಇದೆ. ಅಕ್ಕ, ಬೇಗ. ಮಾತಾಡಿಸಬೇಡ. ನಾನು ಈಗ ಕೈ ಬಿಟ್ರೆ ಭಾನುವಾರ ನನ್ನ ಗ್ಯಾರೇಜು ಖಾಲಿ, ಫ್ರಿಜ್ಜು ನೆರಳಲ್ಲಿ ನಿಲ್ಲುತ್ತೆ, ಗೊತ್ತಾ? ಬಿಡು ಹಾಗಾದ್ರೆ. ಬಿಡಲ್ಲ ಹೋಗೇ. ಅವನ ಮೊಣಕೈ ನಡುಗುತ್ತಿದೆ, ಟ್ಯಾಂಕೂ ನಡುಗುತ್ತಿದೆ, ಪೈಪೂ, ನಡುಗುವ ಬಾಯಿಗೆ ಕೆಲಸ ಮಾಡುವುದು ನನಗೆ ಹೊಸತಲ್ಲ, ಉಸಿರು ಬಿಡಿ, ಕೈ ಕುರ್ಚಿ ಹಿಡಿಯಲಿ, ಇನ್ನೊಂದೇ ನಿಮಿಷ ಅಂತ ಸಾವಿರ ಜನಕ್ಕೆ ಹೇಳಿದ್ದೇನೆ, ಸುಳ್ಳು, ಯಾವತ್ತೂ ಒಂದೇ ನಿಮಿಷ ಆಗಿರಲಿಲ್ಲ, ಉಸಿರು ಬಿಡೋ, ಇನ್ನೊಂದೇ ನಿಮಿಷ. ಈ ಸುಳ್ಳು ನನ್ನ ಹೆಂಡತಿಗೂ ಹೇಳಿದ್ದೆ ನೀನು, ಅವಳ ಹಲ್ಲು ಕೀಳೋವಾಗ. ಕಿತ್ತು ಬಂತಲ್ಲ? ಮತ್ತೆ ಎಳೆದೆ, ಮತ್ತೆ ಒಂದು ಚೂರು, ಈ ಸಲ ಬೂದು, ಅಂಟು, ಮೂವತ್ತು, ಅಮ್ಮ ಕುರ್ಚಿ ಬಿಟ್ಟು ಎದ್ದಿದ್ದಾಳೆ, ಗಡಿಯಾರ ಕಂಕುಳಲ್ಲಿ. ಎಳೆಯಬಾರದು, ಹೌದು, ಎಳೆಯುತ್ತಿದ್ದೇನೆ ಹೊಸಬಳ ಹಾಗೆ, ಕೆಲಸಕ್ಕೆ ಸೇರಿದ ಮೊದಲ ವಾರ ಹೀಗೇ ಎಳೆದದ್ದಕ್ಕೆ ಡಾಕ್ಟರು ನನ್ನ ಕೈ ಮೇಲೆ ಕನ್ನಡಿಯಿಂದ ತಟ್ಟಿದ್ದರು, ಹತ್ತಿ ಎಳೆದ್ರೆ ಹರಿಯುತ್ತೆ ಮಗು, ಸುತ್ತಿದ್ರೆ ಬರುತ್ತೆ, ನೂಲುವವರನ್ನ ನೋಡಿಲ್ವಾ ನೀನು? ಸುತ್ತು. ಕೊಕ್ಕೆ ಮುಳುಗಿಸಿ, ಎಳೆಯದೆ, ಬೆರಳ ಸಂದಿಯಲ್ಲಿ ಕಡ್ಡಿ ತಿರುವಿದೆ, ಒಂದು ಸುತ್ತು, ಜಾರುತ್ತಿದೆ, ಎರಡು, ಹಿಡಿಯಿತು, ಮೂರು, ನಾಲ್ಕು, ಕಡ್ಡಿ ಭಾರವಾಯಿತು, ಒಳಗೆ ಏನೋ ಇಡಿಯಾಗಿ ತಿರುಗಿತು, ಈಗ ಮೇಲಕ್ಕೆ, ಎಳೆಯುವುದಲ್ಲ, ತಿರುವುತ್ತಲೇ, ತಿರುವುತ್ತಲೇ, ಪಚಕ್, ಬಂತು, ಪೂರ್ತಿ, ಕೊಬ್ಬಿದ ಜಿಗಣೆಯ ಹಾಗೆ ಬೂದು ಬಣ್ಣದ್ದು ಕೊಕ್ಕೆಯಲ್ಲಿ ನೇತಾಡುತ್ತಿದೆ, ಅಮ್ಮ ಥೂ ಅಂದಳು, ತಮ್ಮ ಅಳ್ತಿದೀಯಾ ಅಂದ, ಬೆವರು ಕಣೋ, ಬೆವರು.

ಮೂವತ್ತಮೂರು. ಹೋಯ್ತಾ? ನೋಡಬೇಕು. ಅಗಲ ತೂತು ಈಗ ಮಗ್ಗುಲಲ್ಲಿದೆ, ಸೀಲರೆಲ್ಲ ಕೆಳಗೆ ಇಳಿದು ನಿಂತಿದೆ, ತಗಡು ಬಿಚ್ಚಬಹುದು, ಐದು ಸ್ಕ್ರೂ, ನಾಲ್ಕು, ಮೂರು, ಒಂದು ಉರುಳಿ ಹಾಸಿಗೆಯ ಕೆಳಗೆ ಹೋಯಿತು, ಹೋಗಲಿ, ಅಮ್ಮಾ ಟಾರ್ಚು ಹಿಡಿ, ಇಲ್ಲಿ, ಒಳಗೆ ಬಿಡು ಬೆಳಕು, ನಾನು ಪೈಪಿಗೆ ಕಣ್ಣಿಟ್ಟು ನೋಡ್ತೀನಿ. ಅಮ್ಮ ಟಾರ್ಚು ಹಿಡಿದಳು, ಕೊರೆಯುವ ವಾಸನೆಗೆ ಸೆರಗು ಮೂಗಿಗೆ, ತಮ್ಮ ಟ್ಯಾಂಕು ಹಿಡಿದಿದ್ದಾನೆ, ಅವನ ಗಲ್ಲವನ್ನು ಕೈಯಿಂದ ಪಕ್ಕಕ್ಕೆ ತಳ್ಳಿ ಕಣ್ಣಿಟ್ಟೆ, ಕಪ್ಪು. ಕಪ್ಪೇ. ಟಾರ್ಚು ಹಾಕಮ್ಮ. ಹಾಕಿದೀನಿ ಕಣೇ, ಒಳಗೆಲ್ಲ ಬೆಳ್ಳಗೆ ಕಾಣ್ತಿದೆ ನಂಗೆ, ಎಷ್ಟು ಚೆನ್ನಾಗಿದೆ, ಅಡುಗೆಮನೆಗೂ ಇದನ್ನೇ ಬಳೀಬಹುದಿತ್ತು. ಬೆಳ್ಳಗೆ ಕಾಣುತ್ತಿದೆ ಅಂದರೆ ಬೆಳಕಿದೆ, ಬೆಳಕು ಇಲ್ಲಿಗೆ ಬರುತ್ತಿಲ್ಲ, ಹತ್ತಿ ಹೋದ ಜಾಗಕ್ಕೆ ಪರೆ ಕಟ್ಟಿದೆ, ಸೋಪಿನ ಗುಳ್ಳೆಯ ಹಾಗೆ ತೆಳ್ಳಗೆ, ಗಟ್ಟಿಯಾಗುತ್ತಿರುವ ಗುಳ್ಳೆ, ಕಡ್ಡಿಯಿಂದ ಚುಚ್ಚಿದರೆ ಅಂಚಿಗೆ ಅಂಟಿ ಅಲ್ಲೇ ಕೂರುತ್ತದೆ, ಊದಬೇಕು, ಬಾಯಿಂದ ಊದಿದರೆ ಉಸಿರಿನ ತೇವ, ರಬ್ಬರು ಚೆಂಡು, ಎಲ್ಲಿ, ಪೆಟ್ಟಿಗೆಯ ತಳದಲ್ಲಿ, ಇಕ್ಕು ಮೂತಿ, ಒತ್ತು, ಪುಸ್, ನೋಡಿದೆ, ಕಪ್ಪಿನ ಒಂದು ಅಂಚಿನಲ್ಲಿ ಉಗುರು ಕತ್ತರಿಸಿ ಬಿಸಾಕಿದಂಥ ಬೆಳಕು, ಬಿದಿಗೆಯ ಚಂದ್ರ, ಅಕ್ಕ ಕಾಣ್ತಾ, ಉಗುರಷ್ಟು, ಉಗುರಷ್ಟು ಅಂದ್ರೆ ಪೆಟ್ರೋಲ್ ಹೋಗುತ್ತಾ, ಹೋಗಲ್ಲ, ಮತ್ತೆ ಊದು, ಮೂವತ್ತಾರು, ಪುಸ್, ಉಗುರು ಅರ್ಧಚಂದ್ರ ಆಯಿತು, ಪರೆ ಮಡಚಿಕೊಳ್ಳುತ್ತಿದೆ, ನನ್ನ ಕೈ ಸೋತು ಹೋಗ್ತಿದೆ ಕಣೇ ಅಕ್ಕ, ಗುರುವಾರ ಇದನ್ನ ಓಡಿಸೋದು ನೀನೇ, ತಳ್ಳೋಕೆ ನನ್ನನ್ನ ಕರೀಬೇಡ, ಓಡಿಸೋದು ನಾನೇ, ಕರೆಯಲ್ಲ, ಅಮ್ಮಾ ನೀನೇ ಸಾಕ್ಷಿ, ಸಾಕ್ಷಿ ಆಮೇಲೆ, ಮೂವತ್ತೇಳು, ಊದೇ ಮೊದ್ಲು. ಚೆಂಡು ಎರಡೂ ಅಂಗೈಯಲ್ಲಿ ಹಿಡಿದೆ, ಇದ್ದ ಬಲವೆಲ್ಲ, ಪುಸ್ ಅಲ್ಲ, ಫಟ್, ಟ್ಯಾಂಕಿನೊಳಗೆ ಸಣ್ಣ ಹನಿಯೊಂದು ಬಿದ್ದ ಸದ್ದು, ಪರೆ ಹೋಯಿತಾ, ಬಿದ್ದದ್ದು ಅದೇನಾ, ಕಣ್ಣಿಟ್ಟೆ, ರೆಪ್ಪೆ ಪೈಪಿಗೆ ತಾಗಿತು, ತಣ್ಣಗೆ, ಅಕ್ಕ ಏನು, ಏನಾದ್ರೂ ಹೇಳೇ, ಬಾಯಿಗೆ ಹತ್ತಿ ಇಟ್ಕೊಂಡಿದೀಯಾ, ಹೇಳುತ್ತೇನೆ, ಇರು, ಇರು, ಬೂದು ಅಂಚು, ಸುತ್ತ ನಯವಾಗಿ, ಒಂದು ಕಡೆಯೂ ಮುಕ್ಕಿಲ್ಲ, ನಡುವೆ ಬೆಳಕು, ದುಂಡಗೆ, ಬಟಾಣಿಯಷ್ಟು, ಇನ್ನೊಮ್ಮೆ ನೋಡುತ್ತೇನೆ, ದುಂಡಗೆ, ಪೂರ್ತಿ ದುಂಡಗೆ, ಬೆಳಕು.